ಚೆಂಡುಹೂವಿನ ಬೇರು

ಹಬ್ಬಗಳಲ್ಲಿ ಬಾಗಿಲಿಗೆ ತೋರಣವಾಗುವ ಚೆಂಡುಹೂವು ನಮ್ಮ ನಾಡಿನದೇ ಎಂದು ಬಗೆಯುವವರುಂಟು. ಇದರ ತವರು ಮೆಕ್ಸಿಕೋ ದೇಶವು. ಹೂವು ಎಲ್ಲರಿಗೂ ಬೇಕು; ಬೇರಿನ ಗುಣವನ್ನು ವಿಚಾರಿಸುವವರು ವಿರಳ.

ಬದನೆ, ಟೊಮೇಟೊ, ಬೆಂಡೆ ಗಿಡಗಳು ನೀರು ಗೊಬ್ಬರವಿದ್ದೂ ಸೊರಗಿದರೆ ಒಂದನ್ನು ಕಿತ್ತು ನೋಡತಕ್ಕದ್ದು. ಬೇರಿನಲ್ಲಿ ಗಂಟುಗಳಿದ್ದರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುಗಳ ಕೆಲಸವು. ಚೆಂಡುಹೂವಿನ ಬೇರಿನಲ್ಲಿ ಇಂಥ ಹುಳುಗಳನ್ನು ಕೊಲ್ಲುವ ದ್ರವ್ಯವಿದೆಯೆಂದು 1958ರಲ್ಲಿ ಡಚ್ ವಿಜ್ಞಾನಿಗಳು ತೋರಿಸಿದರು. ಆದರೆ ಬದುವಿನ ಮೇಲೆ ನಾಲ್ಕು ಗಿಡ ನೆಟ್ಟರೆ ಸಾಲದು; ಹಾಗೆ ಮಾಡಿ ನಾವು ಒಂದು ಮಳೆಗಾಲದ ಬದನೆಯನ್ನೆಲ್ಲ ಕಳೆದುಕೊಂಡೆವು. ಹುಳು ಬಿದ್ದ ಪಾತಿಯ ತುಂಬ ಚೆಂಡುಹೂವನ್ನೇ ಒತ್ತಾಗಿ ಬೆಳೆಸಿ, 2-3 ತಿಂಗಳಾದ ಮೇಲೆ ಗಿಡಗಳನ್ನು ಅಲ್ಲಿಯೇ ಮಣ್ಣಿಗೆ ಸೇರಿಸಿ, ಅನಂತರ ತರಕಾರಿಯನ್ನು ನೆಡಬೇಕು. ಅಷ್ಟು ದಿನ ಪಾತಿಯನ್ನು ಬಿಟ್ಟುಕೊಡಲು ಮನಸ್ಸಾಗದು, ನಿಜ. ಹೂವಂತೂ ದೊರೆಯುವುದಷ್ಟೆ! ಎಲೆ ತಿನ್ನುವ ಹುಳುಗಳಿಗೆ ಮಾತ್ರ ಇದನ್ನು ಮದ್ದೆಂದು ನಂಬಬಾರದು.

ಬಾಡಿದ ತೋರಣವನ್ನೂ ಎಸೆಯಬೇಕಾಗಿಲ್ಲ. ಎಸಳುಗಳನ್ನು ಕುದಿಸಿ ಸೋಸಿದ ನೀರಿನಲ್ಲಿ, ಪಟಿಕದ ನೀರಿನಲ್ಲಿ ನೆನೆಸಿಟ್ಟ ರೇಷ್ಮೆಯನ್ನೋ ಉಣ್ಣೆಯನ್ನೋ ಅದ್ದಿ ಮೆಲ್ಲನೆ ಕಾಯಿಸಿದರೆ ಹಳದಿ ಬಣ್ಣವು ಹಿಡಿಯುವುದು. ಬೀಜಕ್ಕೆಂದು ಒಂದೆರಡು ಹೂಗಳನ್ನು ಗಿಡದಲ್ಲಿಯೇ ಒಣಗಲು ಬಿಡಿರಿ.