ಔಷಧ ಅಂಗಡಿಯವರು ಚೀಟಿ ಕೇಳುವುದೇಕೆ?

ಹೋದ ಸಲ ಮಗುವಿಗೆ ಕೊಟ್ಟಿದ್ದ ಸೆಫಿಕ್ಸಿಮ್ ಸಿರಪ್ಪಿನ ಖಾಲಿ ಬಾಟಲಿಯನ್ನೇ ಹಿಡಿದು ಔಷಧ ಅಂಗಡಿಗೆ ಹೋಗುವವರು ಬಹಳ. 'ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ' ಎಂದರೆ ಸಿಟ್ಟು ಬರುತ್ತದೆ. ಮುಂದಿನ ಬೀದಿಯ ಅಂಗಡಿಯವರು ಕೇಳದೆಯೇ ಕೊಡುತ್ತಾರಲ್ಲ ಎಂದು ಗೊಣಗುತ್ತಾ ಅಲ್ಲಿಗೆ ಹೋಗುತ್ತಾರೆ. ಕಾನೂನು ಪಾಲಿಸಿದ ಅಂಗಡಿಗೆ ಗಿರಾಕಿ ನಷ್ಟ!

ನಮ್ಮ ದೇಶದಲ್ಲಿ ಔಷಧ ಮಾರಾಟಕ್ಕೆ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ ಹಾಗೂ 1945ರ ನಿಯಮಗಳು ಅನ್ವಯಿಸುತ್ತವೆ. 'ಎಚ್' ಪಟ್ಟಿಯ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್‌ನಿಂದ 'ಎಚ್1' ಎಂಬ ಇನ್ನೂ ಬಿಗಿಯಾದ ಪಟ್ಟಿ ಜಾರಿಗೆ ಬಂತು. ಮೊದಲಿಗೆ ಅದರಲ್ಲಿದ್ದುದು 46 ಔಷಧಗಳು: ಸೆಫಿಕ್ಸಿಮ್‌ನಂಥ ಕೆಲವು ಆಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು, ಆಲ್ಪ್ರಜೋಲಾಂ, ಟ್ರಮಡಾಲ್ ಮುಂತಾದವು. ಇವುಗಳ ಲೇಬಲ್ಲಿಗೆ ಕೆಂಪು ಚೌಕಟ್ಟು ಇರುತ್ತದೆ. ಮಾರಿದಾಗ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಇಷ್ಟನ್ನೂ ಬೇರೊಂದು ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾಪಾಡಬೇಕು.

ಇದು ಬರೀ ಕಾಗದದ ಕಾಟವಲ್ಲ. ಆಂಟಿಬಯಾಟಿಕ್ಕನ್ನು ಬೇಡದಿದ್ದಾಗ ನುಂಗಿದರೆ, ಅಥವಾ ಅರ್ಧಕ್ಕೇ ನಿಲ್ಲಿಸಿದರೆ, ಅದಕ್ಕೆ ಬಗ್ಗದ ರೋಗಾಣುಗಳು ಉಳಿದು ಬೆಳೆಯುತ್ತವೆ. ಮುಂದೆ ನಿಜವಾಗಿ ಬೇಕಾದಾಗ ಅದೇ ಔಷಧ ಕೆಲಸ ಮಾಡದಿರಬಹುದು. ನಿದ್ರೆಗೆಂದು ತೆಗೆದುಕೊಂಡ ಆಲ್ಪ್ರಜೋಲಾಂ ಚಟವಾಗಿ, ತಟ್ಟನೆ ಬಿಟ್ಟರೆ ಫಿಟ್ಸ್ ಬರುವುದೂ ಉಂಟು. ಕ್ಷಯರೋಗಿಯ ವಿವರವನ್ನು ಸರ್ಕಾರಕ್ಕೆ ತಿಳಿಸುವ ಹೊಣೆ 2018ರಿಂದ ಔಷಧ ಅಂಗಡಿಯವರ ಮೇಲೂ ಇದೆ.

ಸಣ್ಣ ಅಂಗಡಿಯವರ ಕಷ್ಟ ಬೇರೆಯೇ. ಚೀಟಿಯ ಔಷಧಗಳನ್ನು ನೋಂದಾಯಿತ ಫಾರ್ಮಸಿಸ್ಟ್ ಎದುರಿಗಿದ್ದೇ ಕೊಡಿಸಬೇಕು. ದೊಡ್ಡ ಸರಣಿ ಅಂಗಡಿಗಳಲ್ಲಿ ಪಾಳಿಗೊಬ್ಬರನ್ನು ಇಟ್ಟುಕೊಳ್ಳಬಹುದು. ತಾಲ್ಲೂಕು ಊರಿನಲ್ಲಿ ಮಾಲೀಕನೇ ಫಾರ್ಮಸಿಸ್ಟ್. ಮನೆಯಲ್ಲಿ ಮದುವೆ ಬಂದರೂ ಅಂಗಡಿಯ ಚಿಂತೆ. ಕರೆಂಟು ಹೋದರೂ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಅವಧಿ ಮುಗಿದ ಸರಕನ್ನು ಬೇರ್ಪಡಿಸಬೇಕು. ಇದನ್ನು ತಪ್ಪಿಸಿಕೊಳ್ಳಲು ಬೇರೊಬ್ಬರ ಪ್ರಮಾಣಪತ್ರವನ್ನು ಬಾಡಿಗೆಗೆ ತಂದು ಗೋಡೆಗೆ ತೂಗುಹಾಕುವವರೂ ಇದ್ದಾರೆ. ಅದು ಶಿಕ್ಷಾರ್ಹ ಮಾತ್ರವಲ್ಲ, ಅಪಾಯಕಾರಿ. ಡೋಸು ತಪ್ಪಿದೆಯೆಂದು ಗುರುತಿಸುವ ಕಣ್ಣೇ ಅಲ್ಲಿರುವುದಿಲ್ಲ.

ವೈದ್ಯರ ಪಾಲೂ ಇದೆ. ಚೀಟಿಯಲ್ಲಿ ರೋಗಿಯ ಹೆಸರು, ವಿಳಾಸ, ತಾರೀಖು, ಸಹಿ, ಡೋಸು, ಒಟ್ಟು ಪ್ರಮಾಣ ಇರಬೇಕೆಂದು ನಿಯಮವೇ ಹೇಳುತ್ತದೆ. ನಮ್ಮಲ್ಲಿ ಅನೇಕರು ಇಷ್ಟು ಬರೆಯುವುದಿಲ್ಲ. ಬರೆದದ್ದು ಓದಲು ಬರುವುದಿಲ್ಲ. ಒಂದು ಕಂಪನಿಯ ಹೆಸರು ಬರೆದಿದ್ದರೆ, ಒಳಗಿನ ಔಷಧ ಒಂದೇ ಆದರೂ, ಈ ಪಟ್ಟಿಗಳ ಔಷಧವನ್ನು ಅಂಗಡಿಯವರು ತಾವಾಗಿಯೇ ಬದಲಿಸುವಂತಿಲ್ಲ. 'ಸ್ಟಾಕ್ ಇಲ್ಲ' ಎಂದು ವಾಪಸು ಕಳಿಸಿದರೆ ಅವರನ್ನು ಬೈದು ಫಲವಿಲ್ಲ. ಮೂಲ ಔಷಧದ ಹೆಸರನ್ನೇ ಬರೆಯಿರೆಂದು ವೈದ್ಯರನ್ನು ಕೇಳಿ.

ಬಿ.ಪಿ., ಸಕ್ಕರೆ ಕಾಯಿಲೆಯವರು ಇನ್ನೊಂದನ್ನು ಗಮನಿಸಬೇಕು. ವೈದ್ಯರು ಬೇರೆ ರೀತಿ ಬರೆಯದ ಹೊರತು ಒಂದು ಚೀಟಿಗೆ ಒಂದೇ ಸಲ ಔಷಧ. ಆದ್ದರಿಂದ ಎಷ್ಟು ತಿಂಗಳು, ಎಷ್ಟು ಸಲ ಕೊಡಬಹುದು ಎಂಬುದನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಬ್ಯಾಚ್ ಸಂಖ್ಯೆ ಇರುವ ಬಿಲ್ಲನ್ನು ಮಾತ್ರೆ ಮುಗಿಯುವವರೆಗಾದರೂ ಎಸೆಯಬೇಡಿ.