ಆಕಾಶದ ಛಾಯಾಚಿತ್ರ: ಗಾಜಿನ ಫಿಲ್ಟರು ಮತ್ತು ಅದರ ಅನುಕರಣೆ

ನಿಸರ್ಗದೃಶ್ಯದ ಛಾಯಾಚಿತ್ರ ತೆಗೆಯಹೊರಟವನಿಗೆ ಮೊದಲ ತೊಡಕು ಆಕಾಶದಿಂದಲೇ ಒದಗುತ್ತದೆ. ಗಾಢ ನೀಲಿಯಾಗಿ, ಮೋಡಗಳ ಪದರ ಪದರವಾಗಿ ಕಣ್ಣಿಗೆ ಕಂಡ ಬಾನು ಚಿತ್ರದಲ್ಲಿ ಬರಿಯ ಬಿಳಿಯ ಹಾಳೆಯಾಗಿ ಕುಳಿತಿರುತ್ತದೆ. ನೆಲಕ್ಕಿಂತ ಆಕಾಶದ ಬೆಳಕು ಹಲವು ಪಟ್ಟು ಹೆಚ್ಚು. ಕಣ್ಣು ನೋಡಿದೆಡೆಗೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಕ್ಯಾಮರಾ ಇಡೀ ದೃಶ್ಯವನ್ನು ಒಂದೇ ಅಳತೆಯಿಂದ ಅಳೆಯಬೇಕು.

ಹತ್ತೊಂಬತ್ತನೆಯ ಶತಮಾನದ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ಬಹಳವಾಗಿ ತಾಗುತ್ತಿದ್ದುದರಿಂದ ಈ ತೊಡಕು ಇನ್ನೂ ಹೆಚ್ಚಾಗಿತ್ತು. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1850ರ ದಶಕದ ತನ್ನ ಕೆಲವು ಸಮುದ್ರಚಿತ್ರಗಳಿಗೆ ಕಡಲಿಗೊಂದು, ಮುಗಿಲಿಗೊಂದು ನೆಗೆಟಿವ್ ಬಳಸಿ, ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದನು. ಆಕಾಶವನ್ನು ತಿದ್ದುವುದು ಗಣಕಯಂತ್ರ ತಂದ ಕೆಟ್ಟ ಚಾಳಿಯೆಂದು ದೂರುವವರು ಇದನ್ನು ನೆನೆಯುವುದು ಒಳ್ಳೆಯದು.

ಫಿಲ್ಟರಿನ ಕೆಲಸದ ಹಿಂದಿರುವುದು ಬೆಳಕಿನ ಚದುರುವಿಕೆ. ವಾಯುವಿನ ಅಣುಗಳಿಂದ ಚದುರುವ ಬೆಳಕಿನ ಪ್ರಮಾಣವು ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. 450 ನ್ಯಾನೋಮೀಟರಿನ ನೀಲಿಯು 650ರ ಕೆಂಪಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿ ಚದುರುತ್ತದೆ. ಹೀಗಾಗಿ ಬಾನಿನಲ್ಲಿ ಕೆಂಪು ಕಡಿಮೆ. ಬಿಳಿಯ ಮೋಡದಲ್ಲಿ ಎಲ್ಲ ಬಣ್ಣಗಳೂ ಉಂಟು. ಕೆಂಪು ಗಾಜನ್ನು ಅಡ್ಡ ಹಿಡಿದರೆ ಕಪ್ಪುಬಿಳುಪು ಚಿತ್ರದಲ್ಲಿ ಬಾನು ಕಪ್ಪಾಗುತ್ತದೆ, ಮೋಡ ಬೆಳ್ಳಗೆ ಉಳಿಯುತ್ತದೆ.

1927ರ ಏಪ್ರಿಲ್‌ನಲ್ಲಿ ಅಮೆರಿಕದ ಯೊಸೆಮಿಟಿಯಲ್ಲಿ ಆನ್ಸೆಲ್ ಆಡಮ್ಸ್ 'ಹಾಫ್ ಡೋಮ್' ಎಂಬ ಬಂಡೆಬೆಟ್ಟದೆದುರು ನಿಂತಾಗ ಅವನಲ್ಲಿ ಉಳಿದಿದ್ದುದು ಎರಡೇ ಗಾಜಿನ ಪ್ಲೇಟು. ಒಂದನ್ನು ಹಳದಿ ಫಿಲ್ಟರಿನಿಂದ ತೆಗೆದ ಮೇಲೆ, ಮನಸ್ಸಿನಲ್ಲಿ ಕಂಡ ಗಂಭೀರ ಚಿತ್ರ ಅದರಿಂದ ಮೂಡದೆಂದು ಅವನಿಗೆ ಹೊಳೆಯಿತು. ಕಡೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರನ್ನು ಹೂಡಿದನು. ಹೆಚ್ಚುಕಡಿಮೆ ಕಪ್ಪಾದ ಆಕಾಶದೆದುರು ಬಂಡೆ ಎದ್ದುನಿಂತ ಆ ಚಿತ್ರವೇ ಅವನಿಗೆ ಹೆಸರು ತಂದಿತು. ಆಗ ಇಪ್ಪತ್ತೈದರ ಹರೆಯ. ಆ ಕಡೆಯ ಪ್ಲೇಟಿನಲ್ಲಿ ತಪ್ಪಿದ್ದರೆ ತಿದ್ದಲು ಅವಕಾಶವೇ ಇರಲಿಲ್ಲ.

ಇಂದಿನ ವಿದ್ಯಾರ್ಥಿಗೆ ಆ ಭಯವಿಲ್ಲ. ಬಣ್ಣದ ಡಿಜಿಟಲ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿಗಳ ಮೂರು ಪ್ರತ್ಯೇಕ ಪಾತಳಿಗಳಿರುತ್ತವೆ. ಕಪ್ಪುಬಿಳುಪಿಗೆ ಮಾರ್ಪಡಿಸುವಾಗ ಕೆಂಪಿನ ಪಾಲನ್ನು ಹೆಚ್ಚಿಸಿ ನೀಲಿಯನ್ನು ಇಳಿಸಿದರೆ ಕೆಂಪು ಗಾಜಿನ ಫಲವೇ ದೊರೆಯುತ್ತದೆ. ಆದರೂ ಒಂದು ವ್ಯತ್ಯಾಸವುಂಟು. ಗಾಜು ಹಾಕಿದವನು ತಡೆದ ಬೆಳಕಿಗೆ ಪ್ರತಿಯಾಗಿ ಎಕ್ಸ್‌ಪೋಷರ್ ಹೆಚ್ಚಿಸುತ್ತಾನೆ. ಆಡಮ್ಸ್ ಬಳಸಿದ ಗಾಜಿಗೆ ಸುಮಾರು 16 ಪಟ್ಟು ಬೇಕು. ಗಣಕದಲ್ಲಿ ದುಡಿಯುವವನಿಗೆ ಮೊದಲೇ ಬಿದ್ದಷ್ಟು ಕೆಂಪು ಬೆಳಕೇ ಗತಿ. ಸಾಮಾನ್ಯ ಸಂವೇದಕದಲ್ಲಿ ನಾಲ್ಕರಲ್ಲಿ ಒಂದು ಬಿಂದು ಮಾತ್ರ ಕೆಂಪನ್ನು ಗ್ರಹಿಸುತ್ತದೆ. ಆದ್ದರಿಂದ ಅತಿಯಾಗಿ ಎಳೆದ ಆಕಾಶವು ಮರಳು ಎರಚಿದಂತೆ ತರಿತರಿಯಾಗುತ್ತದೆ.

ಮೇಲ್ಭಾಗ ಮಬ್ಬಾಗಿ, ಕೆಳಭಾಗ ತಿಳಿಯಾಗಿರುವ ಗಾಜಿನ ಅನುಕರಣೆ ಇದಕ್ಕಿಂತ ಸುಲಭ. ಚಿತ್ರದ ಮೇಲ್ಭಾಗವನ್ನು ಕ್ರಮವಾಗಿ ಕತ್ತಲಾಗಿಸಿದರಾಯಿತು. ದಿಗಂತದಿಂದ ಮೇಲೆದ್ದ ಬೆಟ್ಟವನ್ನೂ ಮರವನ್ನೂ ಗಾಜು ತಪ್ಪದೆ ಮಬ್ಬುಗೊಳಿಸುತ್ತದೆ. ಗಣಕದಲ್ಲಿ ಅವನ್ನು ಬಿಟ್ಟು ಆಕಾಶವನ್ನಷ್ಟೇ ಆರಿಸಬಹುದು. ಆರಿಸುವಾಗ ಅವಸರಿಸಿದವನ ಮರದ ಸುತ್ತ ಮಾತ್ರ ದೇವರ ಪಟದ ಪ್ರಭಾವಳಿಯಂತೆ ಬಿಳಿಯ ಅಂಚು ಮೂಡುತ್ತದೆ.

ಧ್ರುವೀಕರಣದ ಫಿಲ್ಟರಿನದು ಬೇರೆಯೇ ಜಾತಿ. ಸೂರ್ಯನಿಂದ 90 ಅಂಶ ದೂರದ ಬಾನಿನ ಬೆಳಕು ಅತ್ಯಂತ ಹೆಚ್ಚು ಧ್ರುವೀಕೃತವಾಗಿರುವುದರಿಂದ ಅಲ್ಲಿಯ ನೀಲಿಯನ್ನು ಅದು ಗಾಢಗೊಳಿಸುತ್ತದೆ. ವಿಶಾಲಕೋನದ ಮಸೂರದಲ್ಲಿ ಬಾನಿನ ಒಂದು ಕಡೆ ಮಾತ್ರ ಕಪ್ಪು ಪಟ್ಟೆಯಾಗಿ ಕಾಣುವುದುಂಟು. ಅಂಥಲ್ಲಿ ಗಣಕದಲ್ಲಿ ಸಮನಾಗಿ ಇಳಿಸಿದ ನೀಲಿಯೇ ಮೇಲು. ಆದರೆ ನೀರಿನ ಮೇಲಿನ ಹೊಳಪನ್ನು ತೆಗೆದು ತಳದ ಕಲ್ಲುಗಳನ್ನು ತೋರಿಸುವುದು ಆ ಗಾಜಿಗೆ ಸಾಧ್ಯ. ಹೊಳಪಿನಡಿ ಮುಚ್ಚಿಹೋದ ಕಲ್ಲು ಚಿತ್ರದಲ್ಲಿ ದಾಖಲಾಗಿಯೇ ಇರುವುದಿಲ್ಲವಾದ್ದರಿಂದ ಗಣಕ ಅದನ್ನು ಕಲ್ಪಿಸಿ ಬರೆಯಬಹುದೇ ಹೊರತು ಹೊರತೆಗೆಯಲಾರದು.

ಪೂರ್ತಿ ಬೆಳ್ಳಗಾದ ಮೋಡದ ಮಾತೂ ಇಷ್ಟೇ. ಮುಂದೆ ತಿದ್ದಲಿರುವವನು ತೆಗೆಯುವಾಗಲೇ ಮೋಡದ ಅತ್ಯಂತ ಬೆಳಗುವ ಭಾಗವನ್ನು ಅಳೆದು, ನೆಲ ತುಸು ಕತ್ತಲಾದರೂ ಸರಿಯೆಂದು ಎಕ್ಸ್‌ಪೋಷರ್ ಇಳಿಸಬೇಕು. ಚಿತ್ರವನ್ನು 'ರಾ' ರೂಪದಲ್ಲಿ ಉಳಿಸಿಕೊಳ್ಳಬೇಕು. ಸಾಧಾರಣ ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳಾದರೆ, 14 ಬಿಟ್ಟಿನ 'ರಾ' ಚಿತ್ರದಲ್ಲಿ 16,384. ಕತ್ತಲಾದ ನೆಲವನ್ನು ಆಮೇಲೆ ಬೆಳಗಿಸಲು ಬರುತ್ತದೆ.