ಚಿತ್ರದಲ್ಲಿನ ಮುಖ, ಮುಖದ ಹಿಂದಿನ ಮನಸ್ಸು

ಮುಖ ನೋಡಿದರೆ ಮನಸ್ಸು ತಿಳಿಯುತ್ತದೆ ಎನ್ನುತ್ತಾರೆ. ಇದು ಎಷ್ಟರಮಟ್ಟಿಗೆ ನಿಜ? ಡಚ್ ಕಲಾವಿದ ವಿನ್ಸೆಂಟ್ ವ್ಯಾನ್ ಗೋ ತನ್ನನ್ನೇ ಚಿತ್ರಿಸಿಕೊಂಡ ಎರಡು ಭಾವಚಿತ್ರಗಳನ್ನು ನೋಡೋಣ.

1888ರ ಡಿಸೆಂಬರ್ 23ರ ರಾತ್ರಿ, ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ, ತೀವ್ರ ಮಾನಸಿಕ ಕ್ಷೋಭೆಗೆ ಒಳಗಾಗಿದ್ದ ಆತ ತನ್ನ ಎಡಗಿವಿಯನ್ನು ಕತ್ತರಿಸಿಕೊಂಡ. ಮರುತಿಂಗಳು, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬರೆದ ಚಿತ್ರ ಈಗ ಲಂಡನ್ನಿನ ಕೋರ್ಟಾಲ್ಡ್ ಗ್ಯಾಲರಿಯಲ್ಲಿದೆ. ಅದರಲ್ಲಿ ಬ್ಯಾಂಡೇಜು ಇರುವುದು ಬಲಗಿವಿಗೆ! ಕನ್ನಡಿ ನೋಡಿ ಬರೆದದ್ದರಿಂದ ಎಡ ಬಲವಾಗಿದೆ. ಕಣ್ಣಿಗೆ ಕಾಣುವ ಗಾಯದಲ್ಲೇ ನಾವು ಮೋಸಹೋಗುವುದಾದರೆ, ಕಾಣದ ಗಾಯದ ಮಾತೇನು?

ಇಂಥ ಚಿತ್ರ ನೋಡುವಾಗ ಮೊದಲು ಕಂಡದ್ದನ್ನಷ್ಟೇ ಹೇಳಿಕೊಳ್ಳಿ: ದಪ್ಪ ಹಸಿರು ಕೋಟು, ತುಪ್ಪಳದ ಟೊಪ್ಪಿಗೆ, ಹಿಂದೆ ಗೋಡೆಯ ಮೇಲೊಂದು ಜಪಾನಿ ಚಿತ್ರ. ಮುಖದಲ್ಲಿ ಗೋಳಾಟವಿಲ್ಲ, ಶಾಂತವಾಗಿಯೇ ಇದೆ. ಚೇತರಿಸಿಕೊಂಡಿದ್ದಾನೆ ಎನ್ನಬೇಕೆ? ಕೆಲವೇ ವಾರಗಳಲ್ಲಿ ಆತ ಮತ್ತೆ ಆಸ್ಪತ್ರೆ ಸೇರಬೇಕಾಯಿತು.

ಎರಡನೆಯದು 1889ರ ಸೆಪ್ಟೆಂಬರಿನದು. ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿ ಬರೆದದ್ದು, ಈಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಇಲ್ಲಿ ಹಿನ್ನೆಲೆಯ ತಿಳಿನೀಲಿ ಸುಳಿಸುಳಿಯಾಗಿ ಸುತ್ತುತ್ತದೆ, ಹುಬ್ಬು ಬಿಗಿದಿದೆ. ಆದರೆ ಕುಂಚ ಹಿಡಿದ ಕೈ ಎಷ್ಟು ಹತೋಟಿಯಲ್ಲಿದೆ ನೋಡಿ. ತಳಮಳವೂ ಸಂಯಮವೂ ಒಂದೇ ಮುಖದಲ್ಲಿವೆ. 1890ರ ಜುಲೈ 29ರಂದು, 37ನೇ ವಯಸ್ಸಿನಲ್ಲಿ, ಆತ ತೀರಿಕೊಂಡ. ಅದು ಆತ್ಮಹತ್ಯೆ ಎಂದೇ ಬಹುತೇಕರ ಅಭಿಪ್ರಾಯ.

ಭಾವಚಿತ್ರ ಒಂದು ಗಳಿಗೆಯ ಭಾವವನ್ನು ಸೂಚಿಸಬಹುದು, ರೋಗವನ್ನು ಹೇಳಲಾರದು. ಆತನ ಕಾಯಿಲೆ ಯಾವುದೆಂಬ ಬಗ್ಗೆ ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ಒಳ್ಳೆಯ ವೈದ್ಯರೂ ಮುಖ ನೋಡಿ ಸುಮ್ಮನಾಗುವುದಿಲ್ಲ, ಮಾತನಾಡಿಸುತ್ತಾರೆ.

ನಿಮ್ಮ ಮನೆಯಲ್ಲೂ ಹಾಗೆಯೇ ಮಾಡಿ. ನಗುನಗುತ್ತಾ ಇರುವವರೂ ಒಳಗೆ ಬೇಯುತ್ತಿರಬಹುದು. ಎರಡು ವಾರಕ್ಕೂ ಮೀರಿ ಬೇಸರ, ನಿದ್ರೆ ಹಸಿವುಗಳಲ್ಲಿ ಏರುಪೇರು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಕಂಡುಬಂದರೆ ವೈದ್ಯರ ಬಳಿ ಕರೆದೊಯ್ಯಿರಿ. 'ಬದುಕು ಸಾಕೆನಿಸಿದೆಯೇ?' ಎಂದು ಕೇಳಲು ಹಿಂಜರಿಯಬೇಡಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.